ನಾನು ತಿದ್ದಿದ ಹೆಸರು

ಚಳ್ಳಕೆರೆ ಸೀಮೆಯ ಹಳ್ಳಿಶಾಲೆಗೆ ಹೊಸದಾಗಿ ಹೋದ ವರ್ಷ, ಒಂದನೇ ತರಗತಿಗೆ ಬಂದ ತಿಪ್ಪಮ್ಮ ಎಂಬ ಹುಡುಗಿಯನ್ನು ನಾನು ದಾಖಲಾತಿ ವಹಿಯಲ್ಲಿ ದೀಪಾ ಮಾಡಿಬಿಟ್ಟೆ. ತಿಪ್ಪೆ ಎಂದರೆ ಕಸ, ಗೊಬ್ಬರದ ರಾಶಿ. ಹೆಣ್ಣುಮಗು ಬೇಡವಾಗಿದ್ದಕ್ಕೇ ಇಂಥ ಹೆಸರಿಟ್ಟಿದ್ದಾರೆ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟೆ. ಅವಳಪ್ಪ ತಲೆ ಕೆರೆದುಕೊಂಡು, “ನೀವು ಹೆಂಗ್ ಬರ್ಕಂಡ್ರೆ ಹಂಗೇ ಸಾ” ಅಂದ. ಅದನ್ನೇ ಒಪ್ಪಿಗೆ ಎಂದುಕೊಂಡೆ. ದಕ್ಷಿಣದ ಜಿಲ್ಲೆಯಿಂದ ಹೋದವನಿಗೆ ಸುಧಾರಣೆಯ ಹುರುಪೂ ಇತ್ತೆನ್ನಿ.

ಆ ಸೀಮೆಯಲ್ಲಿ ತಿಪ್ಪೇಸ್ವಾಮಿ, ತಿಪ್ಪಣ್ಣ, ತಿಪ್ಪಮ್ಮ ಇಲ್ಲದ ಬೀದಿಯೇ ಕಡಿಮೆ. ಕಾರಣ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ. ಪಂಚಗಣಾಧೀಶರಲ್ಲಿ ಒಬ್ಬರು, ಕೆರೆ ಕಟ್ಟಿಸಿದ ಪುಣ್ಯಾತ್ಮರೆಂದು ಜನ ಇವತ್ತಿಗೂ ನೆನೆಯುತ್ತಾರೆ. ಒಳಮಠ, ಹೊರಮಠ ಎಂದು ಎರಡು ಗುಡಿ. ಜಾತ್ರೆಯಲ್ಲಿ ಹರಕೆ ಹೊತ್ತವರು ಕೊಬ್ಬರಿ ಸುಡುತ್ತಾರೆ. ಆ ಎಣ್ಣೆಹೊಗೆ ಅಂಗಿಗೆ ಹತ್ತಿದರೆ ಒಗೆದರೂ ಬೇಗ ಬಿಡುವುದಿಲ್ಲ. ಈ ಹುಡುಗಿಗಿಂತ ಮುಂಚೆ ಆ ಮನೆಯಲ್ಲಿ ಹುಟ್ಟಿದ ಕೂಸುಗಳು ಉಳಿದಿರಲಿಲ್ಲ. ಅಜ್ಜಿ ಹರಕೆ ಹೊತ್ತು, ಉಳಿದ ಮೊಮ್ಮಗಳಿಗೆ ಸ್ವಾಮಿಯ ಹೆಸರಿಟ್ಟಿದ್ದಳು. ಬೇಡದ ಮಗುವಲ್ಲ, ಬೇಡಿ ಪಡೆದ ಮಗು.

ಸ್ವಾಮಿಯ ನಂಟಿಲ್ಲದ ಕಡೆಯೂ ಈ ಹೆಸರು ಬೈಗುಳವಾಗಿರಲಿಲ್ಲ. ಮಕ್ಕಳು ಸಾಯುತ್ತಿದ್ದ ಮನೆಗಳಲ್ಲಿ ಹಸುಗೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಎತ್ತಿಕೊಂಡು ಬಂದು ತಿಪ್ಪಯ್ಯನೆಂದೋ ತಿಪ್ಪಮ್ಮನೆಂದೋ ಕರೆಯುವುದಿತ್ತು. ಕಸವೆಂದುಕೊಂಡು ಸಾವು ಮುಟ್ಟದೆ ಹೋಗಲಿ ಎಂಬ ಹೂಟ. ಅರಮನೆಯಲ್ಲೂ ಈ ಹೆಸರಿತ್ತು: ತುಳುವ ನರಸನಾಯಕನ ರಾಣಿಯರಲ್ಲಿ ಒಬ್ಬಳು ತಿಪ್ಪಾಂಬೆ. 1505ರಿಂದ 1509ರವರೆಗೆ ವಿಜಯನಗರವನ್ನಾಳಿದ ವೀರನರಸಿಂಹ ಅವಳ ಮಗ, ಕೃಷ್ಣದೇವರಾಯನ ಮಲಅಣ್ಣ. ಇದೆಲ್ಲ ನಾನು ಓದಿದ್ದು ಆಮೇಲೆ.

ಯಾಕೆ ಓದಬೇಕಾಯಿತೆಂದರೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ದೀಪಾ, ರೇಷನ್ ಕಾರ್ಡಿನಲ್ಲಿ ತಿಪ್ಪಮ್ಮ. ಅಜ್ಜಿ ಬರೆಸಿಟ್ಟ ಜಮೀನಿನ ಪತ್ರದಲ್ಲೂ ತಿಪ್ಪಮ್ಮ. ಪೌತಿ ಖಾತೆಗೆ ಹೋದಾಗ “ಈ ದೀಪಾ ಯಾರಮ್ಮ?” ಎಂದು ಕೇಳಿದರಂತೆ. ಶಾಲೆಯ ವಹಿಯಲ್ಲಿ ಒಮ್ಮೆ ಕೂತ ಹೆಸರು ಅಂಕಪಟ್ಟಿಗೆ ಇಳಿದ ಮೇಲೆ ಸುಲಭಕ್ಕೆ ಏಳುವುದಿಲ್ಲ. ನೋಟರಿಯ ಮೇಜಿನ ಮುಂದೆ ಅವಳ ಪಕ್ಕದಲ್ಲಿ ನಾನೇ ಸಾಕ್ಷಿಯಾಗಿ ನಿಂತೆ. ಛಾಪಾ ಕಾಗದದಲ್ಲಿ ಟೈಪಾಗಿತ್ತು: ದೀಪಾ ಮತ್ತು ತಿಪ್ಪಮ್ಮ ಎಂಬ ಎರಡೂ ಹೆಸರುಗಳು ನನ್ನವೇ. ಅವಳು ಸಹಿ ಹಾಕಿ, “ಅಜ್ಜಿ ಸಾಯೋತನ್ಕ ದೀಪಾ ಅಂತ ಕರೀಲೇ ಇಲ್ಲ ಸಾರ್, ನಿಮ್ಮನ್ನ ಬೈಯ್ಲೂ ಇಲ್ಲ” ಎಂದಳು. ಬೈದಿದ್ದರೆ ವಾಸಿಯಿತ್ತು.

ಹೆಸರು ಬದಲಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ‘ನಕುಶಾ’, ಅಂದರೆ ಬೇಡವಾದವಳು, ಎಂದು ಕರೆಸಿಕೊಳ್ಳುತ್ತಿದ್ದ 285 ಹೆಣ್ಣುಮಕ್ಕಳಿಗೆ 2011ರಲ್ಲಿ ಹೊಸ ಹೆಸರಿನ ಪ್ರಮಾಣಪತ್ರ ಕೊಟ್ಟರು. ಐಶ್ವರ್ಯಾ ಎಂದು ಸಿನಿಮಾ ತಾರೆಯ ಹೆಸರನ್ನು ತಾವೇ ಆರಿಸಿಕೊಂಡವರೂ ಇದ್ದರು. ಅಲ್ಲಿ ಹೆಸರು ನಿಜಕ್ಕೂ ತಿರಸ್ಕಾರವೇ ಆಗಿತ್ತು. ನಾನು ಯಾರನ್ನೂ ಕೇಳದೆ, ನಿಘಂಟಿನ ಒಂದು ಅರ್ಥ ಹಿಡಿದುಕೊಂಡು ಆ ಮನೆಯ ಹರಕೆಯನ್ನೇ ಹೊಡೆದುಹಾಕಿದ್ದೆ.

ಜೂನ್ ತಿಂಗಳಲ್ಲಿ ದಾಖಲಾತಿ ವಹಿ ಬಿಚ್ಚಿ ಕೂರುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಮನೆಯವರು ಹೇಳಿದ ಹೆಸರನ್ನೇ ಬರೆದುಕೊಳ್ಳಿ, ಕಾಗುಣಿತವನ್ನಷ್ಟೇ ತಿದ್ದಿ.