ಗಳಗನಾಥದಲ್ಲಿ ಚೈತ್ರದ ಬಿಸಿಲು

2024ರ ಯುಗಾದಿ ಕಳೆದು ಇನ್ನೂ ಒಂದು ವಾರವಾಗಿರಲಿಲ್ಲ. ಬೇವು-ಬೆಲ್ಲದ ರುಚಿ ನಾಲಗೆಯಿಂದ ಮಾಯವಾಗುವ ಮೊದಲೇ ಬಿಸಿಲು ತನ್ನ ಪ್ರತಾಪವನ್ನು ತೋರತೊಡಗಿತ್ತು. ಬೆಂಗಳೂರಿನಿಂದ ಹೊರಟ ನಮ್ಮ ರೈಲು ಹರಿಹರದ ಬಳಿ ತುಂಗಭದ್ರೆಯನ್ನು ದಾಟುವಾಗ ಮಕ್ಕಳಿಬ್ಬರೂ ಕಿಟಕಿಗೆ ಮುಖವಿಟ್ಟು, “ಹೊಳೆ ಎಲ್ಲಿ?” ಎಂದು ಕೇಳಿದರು. ಕೇಳಿದುದು ತಪ್ಪಲ್ಲ. ಹಿಂದಿನ ವರ್ಷ ಮಳೆ ಕೈಕೊಟ್ಟು ನಾಡಿನ ಬಹುಪಾಲು ತಾಲೂಕುಗಳು ಬರಪೀಡಿತವೆಂದು ಘೋಷಿತವಾಗಿದ್ದವು. ಸೇತುವೆಯ ಕೆಳಗೆ ಬಂಡೆಗಳೇ ಹೆಚ್ಚು, ನೀರು ಕಡಿಮೆ.

ರಾಣೆಬೆನ್ನೂರು ಕಳೆದು ಬ್ಯಾಡಗಿ ಬಂದಾಗ ಗಾಳಿಯಲ್ಲಿ ಮೆಣಸಿನಕಾಯಿಯ ಘಾಟು. ಚಿಕ್ಕವಳು ಸೀನಿದಳು. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಗುಣದಿಂದಲೇ ಈ ಕಾಯಿ ದೇಶವಿಖ್ಯಾತವಾಗಿ, 2011ರಲ್ಲಿ ಭೌಗೋಳಿಕ ಗುರುತನ್ನೂ ಪಡೆಯಿತು. ಅದರ ಸುಕ್ಕುಗಟ್ಟಿದ ಕೆಂಪನ್ನು ಸಿದ್ಧಪಡಿಸುವವನೂ ಈ ಬಿಸಿಲೇ. ನಾವು ಬಯ್ಯುವ ಬಿಸಿಲನ್ನು ಕಾಯುತ್ತ ಕುಳಿತವರೂ ಉಂಟು ಎಂಬುದನ್ನು ಪ್ರವಾಸಿಗನು ಮರೆಯಬಾರದು.

ಹಾವೇರಿಯಲ್ಲಿಳಿದು ಗುತ್ತಲದ ಹಾದಿಯಾಗಿ ಗಳಗನಾಥವನ್ನು ಸೇರಿದಾಗ ಹೊತ್ತು ನೆತ್ತಿಗೇರಿತ್ತು. ನಾನು ಸುಮ್ಮನೆ ಊರು ನೋಡಲು ಹೋದವನಲ್ಲ. ಅಲ್ಲಿ ನಮ್ಮ ದೊಡ್ಡವ್ವನ ಮನೆಯಿದೆ. ಮಣ್ಣಿನ ಮಾಳಿಗೆಯ ಹಳೆಯ ಮನೆ. ಅದನ್ನು ಕೆಡವಿ ಸಿಮೆಂಟಿನ ಸ್ಲ್ಯಾಬು ಹಾಕಿಸಬೇಕೆಂದು ಅವಳ ಮಗನ ಹಟ. ತಾನಿರುವವರೆಗೆ ಮಾಳಿಗೆಗೆ ಕೈ ಹಚ್ಚಬಾರದೆಂದು ಅವಳ ಹಟ. “ನೀ ಬಂದು ಅವ್ವಗ ನಾಕ ಮಾತ ಹೇಳು” ಎಂದು ತಮ್ಮನು ಕರೆದಿದ್ದ. ನಾನೂ ಮಗನ ಪಕ್ಷದ ವಕೀಲನಾಗಿಯೇ ಹೊರಟಿದ್ದೆ.

ಬಾಗಿಲಲ್ಲಿ ಕಾಲಿಟ್ಟೊಡನೆ ಮಕ್ಕಳು ನೀರಿಗೆ ಓಡಿದರು. ದೊಡ್ಡವ್ವ ಕೈ ಅಡ್ಡ ಹಿಡಿದಳು. “ಬಿಸಲಾಗಿಂದ ಬಂದೀರಿ, ಮೊದಲ ಕುಂದರ್ರಿ. ಬೆಲ್ಲಾ ಬಾಯಾಗ ಹಾಕ್ಕೊರಿ, ಆಮ್ಯಾಲೆ ನೀರ.” ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು, ಬೆಲ್ಲದ ತುಣುಕು ಕರಗಿದ ಮೇಲೆ ಹರವಿಯ ನೀರನ್ನು ಗುಟುಕು ಗುಟುಕಾಗಿ ಕುಡಿದೆವು. ಹೊರಗೆ ಕಣ್ಣು ತೆರೆಯಲಾರದ ಝಳ. ಒಳಗೆ ಸಾರಿಸಿದ ನೆಲದ ತಂಪು. ಫ್ರಿಜ್ಜಿನ ನೀರಿಗಾಗಿ ಹಟ ಮಾಡುವ ಮಗನು ಎರಡನೆಯ ತಂಬಿಗೆಯನ್ನೂ ಬರಿದು ಮಾಡಿದ.

ಈ ಹರವಿಯ ಗುಟ್ಟೇನು? ಮಣ್ಣಿನ ಸೂಕ್ಷ್ಮರಂಧ್ರಗಳಿಂದ ನೀರು ಹೊರಮೈಗೆ ಜಿನುಗಿ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಅಷ್ಟನ್ನೂ ಒಳಗಿನ ನೀರಿನಿಂದಲೇ ಎಳೆದುಕೊಂಡರೆ 58 ಗ್ರಾಂ ನೀರು 10 ಡಿಗ್ರಿಯಷ್ಟು ತಣಿಯುತ್ತದೆ. ಗಾಳಿ ಒಣಗಿದ್ದಷ್ಟೂ ಈ ಕೆಲಸ ಚುರುಕು. ಆದುದರಿಂದಲೇ ಮಂಗಳೂರಿನ ಹಬೆಯ ಹವೆಯಲ್ಲಿ ಸೋಲುವ ಗಡಿಗೆ, ಹಾವೇರಿಯ ಒಣ ಬಿಸಿಲಿನಲ್ಲಿ ಗೆಲ್ಲುತ್ತದೆ. ಹಳೆಯ ಹರವಿಯ ರಂಧ್ರಗಳು ನೀರಿನ ಉಪ್ಪಿನಿಂದ ಮುಚ್ಚಿಹೋಗುವುದರಿಂದ ಬೇಸಗೆಯ ಮೊದಲಿಗೆ ಹೊಸದನ್ನು ಕೊಳ್ಳಬೇಕು. ದೊಡ್ಡವ್ವನಿಗೆ ಕ್ಯಾಲೊರಿಯ ಲೆಕ್ಕ ತಿಳಿಯದು. ಹೊಸ ಹರವಿಯನ್ನು ತೋಯಿಸಿದ ಮರಳಿನ ಮೇಲಿಟ್ಟು ಸುತ್ತಲೂ ಒದ್ದೆ ಅರಿವೆ ಸುತ್ತುವುದನ್ನು ಮಾತ್ರ ಅವಳು ತಪ್ಪಿಸಿದವಳಲ್ಲ.

ಆ ಮನೆಯ ದಿನಚರಿಯೆಲ್ಲವೂ ಸೂರ್ಯನೊಡನೆ ಮಾಡಿಕೊಂಡ ಒಪ್ಪಂದದಂತಿದೆ. ಕೋಳಿ ಕೂಗುವ ಹೊತ್ತಿಗೆ ಒಲೆ ಹೊತ್ತುತ್ತದೆ. ಬಿಸಿಲೇರುವ ಮೊದಲೇ ರೊಟ್ಟಿ ಬಡಿದು ಮುಗಿದಿರುತ್ತದೆ. ಹತ್ತು ಗಂಟೆಗೆ ಕಿಟಕಿ ಬಾಗಿಲುಗಳು ಮುಚ್ಚುತ್ತವೆ. ಸಂಜೆ ಗಾಳಿ ತಿರುಗಿದ ಮೇಲೆಯೇ ಮತ್ತೆ ತೆರೆಯುವುದು. ನಡುಹಗಲಿಗೆ ಜೋಳದ ಅಂಬಲಿ, ಉಪ್ಪು-ಶುಂಠಿ ಬೆರೆಸಿದ ನೀರುಮಜ್ಜಿಗೆ, ಹಸಿ ಉಳ್ಳಾಗಡ್ಡಿ. ಬೆವರಿನೊಡನೆ ದೇಹದಿಂದ ನೀರಷ್ಟೇ ಅಲ್ಲ, ಉಪ್ಪೂ ಹೋಗುತ್ತದೆ. ಮಜ್ಜಿಗೆ ಎರಡನ್ನೂ ಮರಳಿಸುತ್ತದೆ. ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ, ಶಾವಿಗೆಗಳು ಒಣಗುತ್ತಿರುತ್ತವೆ. ಬಿಸಿಲಿನಿಂದ ತಪ್ಪಿಸಿಕೊಳ್ಳುವುದು ಒಂದು ಕೆಲಸವಾದರೆ ಅದರಿಂದ ದುಡಿಸಿಕೊಳ್ಳುವುದು ಇನ್ನೊಂದು ಕೆಲಸ.

ಬಿಸಿಲು ಇಳಿದ ಮೇಲೆ ಗಳಗೇಶ್ವರನ ದರ್ಶನಕ್ಕೆ ಹೊರಟೆವು. ಕಲ್ಯಾಣದ ಚಾಲುಕ್ಯರ ಕಾಲದ, ಹನ್ನೊಂದನೆಯ ಶತಮಾನದ ಈ ದೇವಾಲಯ ಹೊಳೆಯ ದಂಡೆಯಲ್ಲಿಯೇ ಪೂರ್ವಾಭಿಮುಖವಾಗಿ ನಿಂತಿದೆ. ಇದರ ವೈಶಿಷ್ಟ್ಯ ಗರ್ಭಗುಡಿಯ ಬುಡದಲ್ಲಿದೆ: ಗೋಡೆಯ ಸುತ್ತ ಇಳಿಜಾರಾಗಿ ಪೇರಿಸಿದ ಕಲ್ಲುಗಳು ಪಿರಮಿಡ್ಡಿನಂತೆ ತೋರುತ್ತವೆ. ನದಿಯ ಬದಿಯ ನೆಲದಲ್ಲಿ ಇಷ್ಟು ಭಾರದ ಕಟ್ಟಡ ಕುಸಿಯದಿರಲೆಂದು ಕೊಟ್ಟ ಆಸರೆಯಿದು ಎಂದು ಬಲ್ಲವರ ಊಹೆ. ಹೊರಗಿನ ಹಾಸುಗಲ್ಲು ಅಂಗಾಲನ್ನು ಸುಡುತ್ತಿತ್ತು. ಮಂಟಪದೊಳಗೆ ಕಾಲಿಟ್ಟರೆ ತಣ್ಣಗೆ. ಶತಮಾನಗಳ ಬೇಸಗೆಗಳನ್ನು ಹೊರಗೇ ನಿಲ್ಲಿಸಿದ ಕಲ್ಲದು.

ಈ ಊರ ಹೆಸರು ಕತೆ ಓದುವ ಮನೆಗಳಿಗೆ ಹೊಸದಲ್ಲ. ಗಳಗನಾಥರೆಂದೇ ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಶಾಲಾ ಶಿಕ್ಷಕರಾಗಿದ್ದು, ‘ಸದ್ಬೋಧ ಚಂದ್ರಿಕೆ’ಯ ಸಂಪಾದಕರಾಗಿ, ‘ಮಾಧವ ಕರುಣಾವಿಲಾಸ’ದಂಥ ಕಾದಂಬರಿಗಳನ್ನು ಬರೆದು, ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದವರು. ಈ ಬಿಸಿಲಿನಲ್ಲಿ ಆ ಗಂಟು ಎಷ್ಟು ಭಾರವಾಗಿದ್ದೀತು! ಮುಂದಿನ ಸಂಚಿಕೆಗಾಗಿ ಕಾಯುವ ನಾವೆಲ್ಲರೂ ಅವರಿಗೆ ಋಣಿಗಳು.

ಗುಡಿಯ ಹತ್ತಿರವೇ ವರದಾ ನದಿಯು ತುಂಗಭದ್ರೆಯನ್ನು ಸೇರುವ ಸಂಗಮ. ಸಾಗರದ ಬಳಿಯ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ ಬರುವ ವರದೆ ಅಂದು ಬರಿಯ ಒಣ ಪಾತ್ರ. ನನ್ನ ಬಾಲ್ಯದಲ್ಲಿ ಇಂಥ ಬೇಸಗೆಯಲ್ಲಿ ಹೆಂಗಸರು ಮರಳನ್ನು ಮೊಳದಷ್ಟು ತೋಡಿ ಒರತೆ ಮಾಡುತ್ತಿದ್ದರು. ಕ್ಷಣಹೊತ್ತಿನಲ್ಲಿ ತಿಳಿನೀರು ತುಂಬಿಕೊಳ್ಳುತ್ತಿತ್ತು. ಮೇಲಿನ ಮರಳು ಬಿಸಿಲನ್ನು ತಡೆಯುತ್ತದೆ, ನೀರನ್ನು ಸೋಸುತ್ತದೆ, ಆವಿಯಾಗಲು ಬಿಡದೆ ಬಚ್ಚಿಡುತ್ತದೆ. ಹೊಳೆ ಮೇಲೆ ಸತ್ತಂತೆ ಕಂಡರೂ ಒಳಗೆ ಬದುಕಿರುತ್ತದೆ. ಮಕ್ಕಳಿಗೆ ಅದನ್ನು ತೋರಿಸುವ ಆಸೆಯಿಂದ ನಾನೂ ತೋಡಿದೆ. ಗಟ್ಟಿಮಣ್ಣು ಸಿಕ್ಕಿತು, ನೀರು ಬರಲಿಲ್ಲ. ಇಲ್ಲಿದ್ದ ಮರಳು ಊರೂರುಗಳ ಕಟ್ಟಡಗಳಿಗೆ ಹೋಗಿಬಿಟ್ಟಿತ್ತು. ಕೈಯ ಕೆಸರನ್ನು ಒರೆಸಿಕೊಳ್ಳುವಾಗ ನಾನು ಯಾವ ಸ್ಲ್ಯಾಬಿನ ಪರವಾಗಿ ವಾದಿಸಲು ಬಂದಿದ್ದೇನೆಂಬುದು ನೆನಪಾಯಿತು.

ರಾತ್ರಿ ಊಟವಾದ ಮೇಲೆ ಎಲ್ಲರೂ ಮಾಳಿಗೆಯ ಮೇಲೆ ಹಾಸಿಕೊಂಡೆವು. ಹಗಲು ತಂಪಾಗಿದ್ದ ಮನೆ ಆಗ ಒಳಗೆ ಬೆಚ್ಚಗಾಗಿತ್ತು. ಮೊಳ ದಪ್ಪದ ಮಣ್ಣನ್ನು ದಾಟಿ ಬಿಸಿಲು ಕೆಳಗಿಳಿಯಲು ಗಂಟೆಗಟ್ಟಲೆ ಬೇಕು. ಅದು ಇಳಿಯುವ ಹೊತ್ತಿಗೆ ಮನೆಯವರು ಮೇಲಕ್ಕೆ ಏರಿರುತ್ತಾರೆ! ತೆಳ್ಳನೆಯ ಸ್ಲ್ಯಾಬಾದರೋ ಸಂಜೆಗೇ ಕಾದ ಹಂಚಾಗುತ್ತದೆ. ಕೆಳಗಿನ ಫ್ಯಾನು ಆ ಬಿಸಿಯನ್ನೇ ತಲೆಯ ಮೇಲೆ ಸುರಿಯುತ್ತದೆ. ಇದನ್ನೆಲ್ಲ ತಮ್ಮನಿಗೆ ವಿವರಿಸಿದೆ. ವಕೀಲನು ಪಕ್ಷಾಂತರ ಮಾಡಿದುದನ್ನು ಕಂಡು ದೊಡ್ಡವ್ವ ನಕ್ಕಳು. “ಹೊಳ್ಯಾಗಿನ ತಂಪ ತಂದು ಮನಿ ಮ್ಯಾಲೆ ಹಾಕಿ, ಎರಡೂ ಕಡೆ ಕಳಕೊಂತೀರಿ” ಎಂದಳು.

ಆದರೆ ಮಾತು ಅಲ್ಲಿಗೇ ಮುಗಿಯಲಿಲ್ಲ. ಅಷ್ಟು ಹೊತ್ತು ಸುಮ್ಮನಿದ್ದ ತಮ್ಮನ ಹೆಂಡತಿ ನನ್ನ ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಹೇಳಿದಳು: “ಅಕ್ಕಾ, ಬ್ಯಾಸಗ್ಯಾಗ ಬಂದವರಿಗೆ ಮಾಳಿಗಿ ಚಲೋನ ಕಾಣ್ತೈತಿ. ಮಳಿಗಾಲದಾಗ ಸೋರೂ ಕಡೆಗೆಲ್ಲಾ ಬೋಗುಣಿ ಇಟಗೊಂತ ರಾತ್ರಿಯೆಲ್ಲಾ ಎಚ್ಚರಿರಾಕಿ ನಾನು.”

ಯಾರೂ ಉತ್ತರ ಕೊಡಲಿಲ್ಲ. ದೊಡ್ಡವ್ವನೂ ಕೊಡಲಿಲ್ಲ. ಮಾಳಿಗೆಗೆ ವರ್ಷವರ್ಷವೂ ಮಳೆಗೆ ಮುಂಚೆ ಮಣ್ಣು ಹಾಕಿ ಬಡಿಯಬೇಕು. ಆ ಕೆಲಸ ಬಲ್ಲ ಕೈಗಳು ಊರಲ್ಲಿ ಕಡಿಮೆಯಾಗಿವೆ. ತಂಪನ್ನು ಹೊಗಳುವುದು ನನಗೆ ಸುಲಭ, ಅದನ್ನು ಕಾಯುವುದು ಅವಳ ಪಾಲಿನ ದುಡಿಮೆ.

ಮರುದಿನ ಬೆಳಿಗ್ಗೆ ದೊಡ್ಡವ್ವ ತಾನಾಗಿಯೇ ಸೊಸೆಯನ್ನು ಕರೆದು ಹೇಳಿದಳು: “ಒಳಗಿನ ಎರಡು ಖೋಲಿಗೆ ನಿಮ್ಮ ಸ್ಲ್ಯಾಬ ಹಾಕಸ್ರಿ, ನೀ ಬೆಚ್ಚಗ ಮಲಕೊ. ಪಡಸಾಲಿ ಮಾಳಿಗಿ ನನಗ ಬಿಡ್ರಿ.” ತಮ್ಮನು ಪಡಸಾಲೆಯ ಮೇಲೆ ಹೊಸ ಮಣ್ಣು ಹಾಕಿಸಲು ಒಪ್ಪಿದ. ಮಳೆ ಬರುವುದರೊಳಗೆ ಆಳು ಸಿಕ್ಕಬೇಕೆಂಬ ಚಿಂತೆ ಮಾತ್ರ ಉಳಿಯಿತು.

ರಾಮನವಮಿಯ ದಿನ ಪಾನಕ, ಕೋಸಂಬರಿಗಳನ್ನು ಮುಗಿಸಿ ಹೊರಟೆವು. ಹಾದಿಯಲ್ಲಿ ಮಗನ ಹಟಕ್ಕೆ ಮಣಿದು ಒಂದು ಹರವಿಯನ್ನು ಕೊಂಡು, ಬಟ್ಟೆಯಲ್ಲಿ ಸುತ್ತಿ, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬೆಂಗಳೂರಿಗೆ ತಂದೆವು. ಅಡಿಗೆಮನೆಯ ಮೂಲೆಯಲ್ಲಿ ಅದು ಈಗಲೂ ಜಿನುಗುತ್ತಿದೆ. ಹೊರಗಿನಿಂದ ಯಾರಾದರೂ ಬಂದರೆ ಚಿಕ್ಕವಳು ಮೊದಲು ಬೆಲ್ಲದ ಡಬ್ಬಿಯನ್ನು ಹುಡುಕುತ್ತಾಳೆ.