ಬೋರ್ಡಿನ ಮೇಲಿನ ಅಂಕಿ

ಆ ಹುಡುಗಿ ಕೇಳಿದ್ದು ತೆಲುಗಿನಲ್ಲಿ. "ಅಮ್ಮಾ, ನಾ ರೇಟು ಎಂತ?" ನನ್ನ ರೇಟು ಎಷ್ಟು ಅಂತ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳು ನಮ್ಮ ಕೋಲಾರದಲ್ಲಿ ಬೇಕಾದಷ್ಟು. ಅವಳಿಗಾಗ ಆರು ವರ್ಷ. ತಲೆಗೆ ರಟ್ಟಿನ ಕಿರೀಟ, ಅದಕ್ಕೆ ಸಿಕ್ಕಿಸಿದ ಒಂದು ನವಿಲುಗರಿ, ಕೈಯಲ್ಲಿ ಬಣ್ಣ ಬಳಿದ ಪೈಪಿನ ಕೊಳಲು. ಅಪ್ಪ ಟೊಮ್ಯಾಟೊ ಮಂಡಿಯಲ್ಲಿ ಹಮಾಲಿ. ಬೆಳಗಿನ ಹರಾಜಿನಲ್ಲಿ ಹದಿನೈದು ಕಿಲೋ ಬಾಕ್ಸು ಎಷ್ಟಕ್ಕೆ ಹೋಯಿತು ಎನ್ನುವುದರ ಮೇಲೆಯೇ ಊರಿನ ಅರ್ಧ ಮನೆಗಳ ಮಾತು ನಡೆಯುತ್ತದೆ. ಆ ಮನೆಯಲ್ಲಂತೂ ರೇಟು ಎನ್ನುವ ಪದ ಮಗು ತೊದಲುವಾಗಲೇ ಕಲಿತಿರಬೇಕು.

ಅವಳು ಬೆರಳು ತೋರಿಸುತ್ತಿದ್ದದ್ದು ವೇದಿಕೆಯ ಪಕ್ಕದ ಬೋರ್ಡಿನ ಕಡೆಗೆ. ಅಲ್ಲಿ 27 ಮಕ್ಕಳ ಹೆಸರು, ಪ್ರತಿ ಹೆಸರಿನ ಎದುರು ಒಂದು ಅಂಕಿ. ಬೋರ್ಡು ನಿಲ್ಲಿಸಿದವಳು ನಾನು. ಅಂಕಿಗಳನ್ನು ಬರೆದ ಕೈಯೂ ನನ್ನದೇ.

ಅದು 2018ರ ಸೆಪ್ಟೆಂಬರ್ ಮೊದಲ ಭಾನುವಾರ, ಕೃಷ್ಣ ಜನ್ಮಾಷ್ಟಮಿಯ ದಿನ. ಎರಡು ವಾರದ ಹಿಂದಷ್ಟೇ ಕೊಡಗಿನಲ್ಲಿ ಗುಡ್ಡಗಳು ಜಾರಿದ್ದವು. ಮಕ್ಕಂದೂರು, ಜೋಡುಪಾಲದ ದೃಶ್ಯಗಳನ್ನು ಟೀವಿಯಲ್ಲಿ ನೋಡುತ್ತಾ ನಮ್ಮ ಬೀದಿಯ ಹೆಂಗಸರು ಕಣ್ಣೊರೆಸಿಕೊಂಡಿದ್ದರು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ಬೆಂಗಳೂರಿನಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯ ಪೈಪಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದದ್ದು ಅದೇ ವರ್ಷದ ಜೂನ್‌ನಲ್ಲಿ. ಜನ ಅದನ್ನು ನೋಡಲೆಂದೇ ಹೋಗಿದ್ದರು. ನೀರಿಗಾಗಿ ಕಾದೇ ಬದುಕಿದ ಊರು ನೀರಿನಿಂದ ಕೆಟ್ಟ ಊರಿಗೆ ಏನಾದರೂ ಕಳಿಸಬೇಕು ಅಂತ ನಮ್ಮ ಐದು ಜನ ಗೆಳತಿಯರಿಗೆ ಅನ್ನಿಸಿತು.

ಮಕ್ಕಳಿಗೆ ಕೃಷ್ಣವೇಷದ ಸ್ಪರ್ಧೆ ಇಟ್ಟು ಹಣ ಕೂಡಿಸೋಣ ಎಂದುಕೊಂಡೆವು. ಉಡುಪಿಯ ಮುದ್ದುಕೃಷ್ಣ ಸ್ಪರ್ಧೆಗಳನ್ನು ನಾನು ನೋಡಿದ್ದೆ. ಪ್ರತಿಭಾ ಕಾರಂಜಿಯ ಛದ್ಮವೇಷಕ್ಕೆ ಮಕ್ಕಳನ್ನು ತಯಾರು ಮಾಡಿಯೂ ಗೊತ್ತಿತ್ತು. ವೇದಿಕೆ ಹತ್ತಿದರೆ ಮಕ್ಕಳ ಅಂಜಿಕೆ ಹೋಗುತ್ತದೆ, ನಾನೂ ಏನೋ ಆಗಬಲ್ಲೆ ಎಂಬ ಧೈರ್ಯ ಬರುತ್ತದೆ ಎಂದು ಗಟ್ಟಿಯಾಗಿ ನಂಬಿದ್ದೆ. ಈಗಲೂ ನಂಬುತ್ತೇನೆ. ತಪ್ಪಿದ್ದು ಮುಂದಿನ ಹೆಜ್ಜೆಯಲ್ಲಿ. ತೀರ್ಪುಗಾರರು ಬೇಡ, ಜನರೇ ಆರಿಸಲಿ ಎಂದೆ. ಹತ್ತು ರೂಪಾಯಿಗೆ ಒಂದು ವೋಟು. ಇಷ್ಟವಾದ ಕೃಷ್ಣನಿಗೆ ಎಷ್ಟು ವೋಟನ್ನಾದರೂ ಕೊಳ್ಳಬಹುದು, ಹಣವೆಲ್ಲ ಕೊಡಗಿಗೆ. ಯಾರಿಗೆ ಎಷ್ಟಾಯಿತು ಎಂದು ಆಗಾಗ ಬೋರ್ಡಿನಲ್ಲಿ ಬರೆದರೆ ಕಾವು ಏರುತ್ತದೆ ಎಂಬುದೂ ನನ್ನದೇ ಸಲಹೆ.

ಕಾವು ಏರಿತು. ಒಬ್ಬ ತಂದೆ ಒಮ್ಮೆಗೇ ಐದು ಪುಸ್ತಕ ಟಿಕೆಟ್ ಕೊಂಡರು. ಅದನ್ನು ನೋಡಿ ಇನ್ನೊಬ್ಬರು ಮಗನ ಅಜ್ಜನಿಗೆ ಫೋನ್ ಮಾಡಿದರು. ನಾನು ಮೈಕಿನಲ್ಲಿ ಹುರಿದುಂಬಿಸುತ್ತಾ ಹೋದೆ. ಸಂಜೆಯ ಹೊತ್ತಿಗೆ ಮೊದಲ ಸ್ಥಾನದ ಮಗುವಿನ ಎದುರು 612 ಎಂದಿತ್ತು. ರಟ್ಟಿನ ಕಿರೀಟದ ಹುಡುಗಿಯ ಎದುರು 11. ಆ ಹನ್ನೊಂದರಲ್ಲಿ ಹತ್ತು ಅವಳ ತಾಯಿಯದು. ಸೆರಗಿನ ಗಂಟು ಬಿಚ್ಚಿ ಎಣಿಸಿ ಕೊಟ್ಟ ನೂರು ರೂಪಾಯಿ. ಬೆಣ್ಣೆ ಕದ್ದು ಸಿಕ್ಕಿಬಿದ್ದ ಕೃಷ್ಣನಾಗಿ ಅವಳು ಅಭಿನಯಿಸಿದ್ದು ನನಗೆ ನೆನಪಿದೆ. ಮಾತು ಒಂದೂ ತಪ್ಪಿರಲಿಲ್ಲ. ಅದರ ಬಗ್ಗೆ ಅವಳಿಗೆ ಒಬ್ಬರೂ ಏನೂ ಹೇಳಲಿಲ್ಲ, ನಾನೂ.

ಮಂಡಿಯ ಮಗಳು ನಮ್ಮ ಸ್ಪರ್ಧೆಯನ್ನು ನಮಗಿಂತ ಸರಿಯಾಗಿ ಓದಿದ್ದಳು. ಸಾಲಾಗಿ ಜೋಡಿಸಿಟ್ಟದ್ದರ ಮುಂದೆ ದೊಡ್ಡವರು ನಡೆಯುತ್ತಾ ಬೆಲೆ ಕೂಗುವುದನ್ನು ಅವಳು ಕಂಡಿದ್ದಳು. ಅವಳ ಪ್ರಶ್ನೆಗೆ ತಾಯಿ ಉತ್ತರ ಕೊಡಲಿಲ್ಲ. ಕಿರೀಟ ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡು ಮಗುವನ್ನು ಎತ್ತಿಕೊಂಡರು. ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ಬಗ್ಗಿ ಮಾತಾಡಿಸಬಹುದಿತ್ತು. ಬಹುಮಾನ ಕೊಡುವ ಹೊತ್ತಾಯಿತೆಂದು ವೇದಿಕೆಗೆ ನಡೆದುಬಿಟ್ಟೆ. ಹೆಚ್ಚು ಬಾಧಿಸುವುದು ಬೋರ್ಡಿಗಿಂತ ಆ ಎರಡು ಹೆಜ್ಜೆ.

ರಾತ್ರಿ ಲೆಕ್ಕ ಮಾಡಿದೆವು. ಪ್ರವೇಶ ಶುಲ್ಕವೂ ಸೇರಿ ಬಂದದ್ದು 42,340 ರೂಪಾಯಿ. ಕಲ್ಯಾಣ ಮಂಟಪ, ಮೈಕು, ಅಲಂಕಾರ, ಟ್ರೋಫಿ, ಫೋಟೊ ಎಂದು ಖರ್ಚು 19,800. ಉಳಿದ 22,540 ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಹೋಯಿತು. ಕೊಟ್ಟವರ ಹಣದಲ್ಲಿ ಸುಮಾರು ಅರ್ಧ ನಮ್ಮ ಮೆರುಗಿಗೆ ಕರಗಿತ್ತು. ಗೆಳತಿಯರು ಖುಷಿಯಾಗಿದ್ದರು. ನಾನು ರಸೀದಿ ಪುಸ್ತಕ ಮುಚ್ಚಿಟ್ಟು ಮಲಗಿದೆ, ನಿದ್ದೆ ಬರಲಿಲ್ಲ.

ಆಮೇಲೆ ಓದಲು ಹತ್ತಿದೆ. ಅಮೆರಿಕದ ಮನೋವಿಜ್ಞಾನಿಗಳಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಐದನೇ ತರಗತಿಯ ಕೆಲವು ಮಕ್ಕಳಿಗೆ ನೀನು ಜಾಣ ಎಂದೂ ಕೆಲವರಿಗೆ ಚೆನ್ನಾಗಿ ಶ್ರಮಪಟ್ಟೆ ಎಂದೂ ಹೇಳಲಾಗಿತ್ತು. ಕಠಿಣ ಸಮಸ್ಯೆಗಳಲ್ಲಿ ಸೋತ ಮೇಲೆ ಕುಗ್ಗಿದವರು ಜಾಣ ಎನಿಸಿಕೊಂಡವರು. ಅಲ್ಲಿಯವರೆಗೆ ನನ್ನ ಚಿಂತೆಯೆಲ್ಲ 11ರ ಹುಡುಗಿಯದೇ ಆಗಿತ್ತು. ಅಂದು 612ರ ಮಗುವೂ ಕಣ್ಣಮುಂದೆ ಬಂತು. ಅಪ್ಪನ ಜೇಬಿನಿಂದ ಬಂದ ಅಂಕಿಯನ್ನು ಆ ಮಗು ತನ್ನದೆಂದು ತಿಳಿದು ಮನೆಗೆ ಒಯ್ದಿತ್ತಲ್ಲ, ಅದಕ್ಕೆ ನಾನು ಕೊಟ್ಟದ್ದಾದರೂ ಏನು? ಮಕ್ಕಳ ಸೌಂದರ್ಯ ಸ್ಪರ್ಧೆಗಳನ್ನು ನಿಷೇಧಿಸಬೇಕೆಂದು ಫ್ರಾನ್ಸಿನ ಸೆನೆಟ್ 2013ರಲ್ಲಿ ಮತ ಹಾಕಿದ ಸುದ್ದಿ ಓದಿದಾಗ, ಅದು ನಮಗೆ ಸಂಬಂಧಿಸಿದ್ದಲ್ಲ, ನಮ್ಮದು ದೇವರ ವೇಷ ಎಂದುಕೊಂಡಿದ್ದೆ. ವೇಷ ದೇವರದಾದರೂ ಬೋರ್ಡು ಸಂತೆಯದೇ ಆಗಿತ್ತು.

ಒಂದು ಹುಣ್ಣಿಮೆ ರಾತ್ರಿ ತೇರಹಳ್ಳಿ ಬೆಟ್ಟಕ್ಕೆ, ಲೇಖಕ ಕೋಟಿಗಾನಹಳ್ಳಿ ರಾಮಯ್ಯನವರು ಗೆಳೆಯರೊಂದಿಗೆ ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರಕ್ಕೆ ಹೋದೆ. ಅಲ್ಲಿ ಹುಣ್ಣಿಮೆ ಹಾಡು ನಡೆಯುತ್ತದೆ. ಬಂಡೆಗಳ ನಡುವೆ ಬೆಳದಿಂಗಳಲ್ಲಿ ಕೂತು ಕೇಳುತ್ತಿದ್ದಾಗ, ಹಾಡುವವರಲ್ಲಿ ಯಾರು ಯಾರಿಗಿಂತ ಮೇಲು ಎಂಬ ಪ್ರಶ್ನೆಯೇ ನನ್ನೊಳಗೆ ಏಳಲಿಲ್ಲ. ಅದು ಏಳಲಿಲ್ಲವೆಂಬುದು ಗೊತ್ತಾದದ್ದೇ ಬೆಟ್ಟ ಇಳಿಯುವಾಗ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ, ಘಟಪ್ರಭೆ ಉಕ್ಕಿ ಬೆಳಗಾವಿ, ಬಾಗಲಕೋಟೆಯ ಊರುಗಳು ಮುಳುಗಿದವು. ಮತ್ತೆ ಜನ್ಮಾಷ್ಟಮಿಯ ಹೊತ್ತು. ಈ ಸಲ ಗೋವರ್ಧನ ಗಿರಿಯ ಕಥೆ ತೆಗೆದುಕೊಂಡೆವು: ಕೃಷ್ಣ ಕಿರುಬೆರಳಲ್ಲಿ ಬೆಟ್ಟ ಎತ್ತಿದಾಗ ಗೋಪಾಲಕರೆಲ್ಲ ತಮ್ಮ ಕೋಲುಗಳನ್ನು ಊರಿ ಆಸರೆ ಕೊಟ್ಟರಂತೆ. ಒಂದು ಶಾಲೆಯ ಅಂಗಳ, ಹಳೆಯ ಜಮಖಾನದ ಬೆಟ್ಟ, ಬಾಗಿಲಲ್ಲಿ ಹೆಸರಿಲ್ಲದ ಒಂದು ಹುಂಡಿ. ಖರ್ಚು 600 ರೂಪಾಯಿ. ಹುಂಡಿಯಲ್ಲಿ ಬಿದ್ದದ್ದು 8,470. ಪೈಪೋಟಿ ತೆಗೆದ ಕೂಡಲೇ ಜೇಬುಗಳೂ ಮುಚ್ಚಿದವು. ಹೋದ ವರ್ಷದ ರೀತಿ ಮಾಡಿದ್ದರೆ ನೆರೆ ಬಂದ ಊರಿಗೆ ಇನ್ನಷ್ಟು ಹೋಗುತ್ತಿತ್ತು ಎಂದು ಒಬ್ಬ ಗೆಳತಿ ನೊಂದು ಹೇಳಿದಳು. ಅವಳ ಮಾತು ಸುಳ್ಳಲ್ಲ, ಅದಕ್ಕೆ ನನ್ನಲ್ಲಿ ಉತ್ತರವೂ ಇರಲಿಲ್ಲ. ಆ ಬೋರ್ಡನ್ನು ಮಾತ್ರ ಮತ್ತೆ ನಿಲ್ಲಿಸಲಾರೆ ಎಂದೆ.

ಆ ಕಾರ್ಯಕ್ರಮಕ್ಕೂ ಒಂದು ವಾರ ಮೊದಲು ಮಂಡಿಯ ಹಿಂದಿನ ಬೀದಿಗೆ ಹೋಗಿ ಆ ತಾಯಿಯನ್ನು ಕಂಡಿದ್ದೆ. ಕ್ಷಮೆ ಕೇಳಿದೆ. ಅವರು ನೀರು ಕೊಟ್ಟು ಕೂರಿಸಿದರು. ಹುಡುಗಿ ಬಾಗಿಲ ಮರೆಯಿಂದ, ಈ ಸಲ ಕನ್ನಡದಲ್ಲೇ, "ಬೋರ್ಡು ಇರುತ್ತಾ?" ಎಂದು ಕೇಳಿದಳು. ಇರಲ್ಲ ಕಣಮ್ಮ ಎಂದೆ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಒಳಗೆ ಹೋದಳು.

ಕಾರ್ಯಕ್ರಮದ ದಿನ 24 ಕೋಲು ತಂದಿಟ್ಟಿದ್ದೆವು. 23 ಮಕ್ಕಳು ಬಂದರು.