ಹೊಸ ಕಾಲದ ಹಗೇವು

ನೆಲದೊಳಗೆ ಜೋಳ ಕೂಡಿಡುತ್ತಿದ್ದ ಹಗೇವನ್ನು ಕಣ್ಣಾರೆ ಕಂಡ ವಿದ್ಯಾರ್ಥಿಗಳು ಇಂದು ವಿರಳ. ಅಥಣಿ, ರಾಯಬಾಗ ಕಡೆಯ ಹಿರಿಯರನ್ನು ಕೇಳಿದರೆ ಅದರ ಕಥೆ ಹೇಳಿಯಾರು. ಹಗೇವಿನ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ, ಅದರ ಮೇಲೆಯೇ ನಡೆದುಹೋಗುವವನಿಗೂ ಕೆಳಗೆ ಎಷ್ಟು ಚೀಲ ಕಾಳಿದೆ ಎಂಬುದು ತಿಳಿಯುತ್ತಿರಲಿಲ್ಲ. ತೆಗೆದೊಡನೆ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಕಾಳಿನ ಉಸಿರಾಟದಿಂದ ಅಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಅದಕ್ಕೆ ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ಇನ್ನು ಹಗೇವು ಎಲ್ಲಿದೆ ಎಂಬುದು ಊರಿಗೆ ಗೊತ್ತಿರದಿದ್ದರೂ ಮನೆಯವರಿಗೆ ಗೊತ್ತಿರಲೇಬೇಕಿತ್ತು. ಗುಟ್ಟಾಗಿ ಇಡು, ಪರೀಕ್ಷಿಸಿ ಇಳಿ, ಮನೆಯವರಿಗೆ ತಿಳಿಸು: ಹಗೇವಿನ ವಿದ್ಯೆಯೆಲ್ಲ ಈ ಮೂರು ಮಾತಿನಲ್ಲಿದೆ.

ಇದೀಗ ಬೇರೊಂದು ಬಗೆಯ ಹಗೇವು ಬಂದಿದೆ. ಪುಣೆಯಲ್ಲಿ ನೌಕರಿ ಹಿಡಿದ ಹುಡುಗನೊಬ್ಬ ದೀಪಾವಳಿಗೆ ಊರಿಗೆ ಬಂದಾಗ, ಪೆನ್‌ಡ್ರೈವ್‌ನಷ್ಟೇ ದೊಡ್ಡದಾದ ಒಂದು ಉಪಕರಣವನ್ನು ಅಪ್ಪನಿಗೆ ತೋರಿಸುತ್ತಾನೆ ಎಂದಿಟ್ಟುಕೊಳ್ಳಿ. ಅದರ ಹೆಸರು ಹಾರ್ಡ್‌ವೇರ್ ವ್ಯಾಲೆಟ್. ಬಿಟ್‌ಕಾಯಿನ್‌ನಂಥ ಕ್ರಿಪ್ಟೋ ನಾಣ್ಯ ಕಾಯುವ ಸಾಧನ. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳುವ ಪ್ರಶ್ನೆ ಒಂದೇ: “ಇದರಾಗ ರೊಕ್ಕ ಎಲ್ಲಿ ಐತೋ ತಮ್ಮಾ?”

ಅದು ಬಲು ಒಳ್ಳೆಯ ಪ್ರಶ್ನೆ. ಏಕೆಂದರೆ ಅದರಲ್ಲಿ ರೊಕ್ಕ ಇಲ್ಲ.

ಹೊಲದ ಉತಾರವನ್ನು ನೆನೆದರೆ ಸಂಗತಿ ಸುಲಭವಾಗುತ್ತದೆ. ಉತಾರದಲ್ಲಿ ಹೊಲ ಇರುವುದಿಲ್ಲ, ಹೊಲ ಯಾರದೆಂಬ ದಾಖಲೆ ಇರುತ್ತದೆ. 2009ರಲ್ಲಿ ಆರಂಭವಾದ ಬಿಟ್‌ಕಾಯಿನ್ ಕೂಡ, ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ಇರುವ ಒಂದು ಲೆಕ್ಕದ ಪುಸ್ತಕದಲ್ಲಿನ ದಾಖಲೆ. ಅದನ್ನು ಒಬ್ಬರ ಹೆಸರಿನಿಂದ ಇನ್ನೊಬ್ಬರಿಗೆ ವರ್ಗಾಯಿಸಲು ಒಂದು ಗುಪ್ತ ಸಂಖ್ಯೆಯ ಸಹಿ ಬೇಕು. ಆ ಸಂಖ್ಯೆಯನ್ನು ತನ್ನೊಳಗೇ ಹುಟ್ಟಿಸಿ, ಸಹಿಯನ್ನೂ ಒಳಗೇ ಹಾಕಿ, ಸಂಖ್ಯೆ ಮಾತ್ರ ಹೊರಗಿನ ಕಂಪ್ಯೂಟರಿಗೆ ಕಾಣದಂತೆ ನೋಡಿಕೊಳ್ಳುವುದೇ ಈ ಉಪಕರಣದ ಕೆಲಸ. ಇಂಥದ್ದನ್ನು ಮೊದಲು ಮಾರುಕಟ್ಟೆಗೆ ತಂದದ್ದು ಪ್ರಾಗ್ ನಗರದ ಟ್ರೆಝರ್, 2014ರಲ್ಲಿ. ಆದರೆ ಉತಾರಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವೊಂದಿದೆ. ಉತಾರ ಕಳೆದರೆ ಚಿಕ್ಕೋಡಿಗೋ ಕಾಗವಾಡಕ್ಕೋ ಹೋಗಿ ಇನ್ನೊಂದು ಪ್ರತಿ ತರಬಹುದು. ಈ ಗುಪ್ತ ಸಂಖ್ಯೆ ಕಳೆದರೆ ಅರ್ಜಿ ಕೊಡಲು ಯಾವ ತಹಶೀಲ್ದಾರರೂ ಇಲ್ಲ.

ಹಾಗಾದರೆ ಈ ಉಸಾಬರಿ ಏಕೆ, ಕೊಂಡ ವಿನಿಮಯ ಕೇಂದ್ರದಲ್ಲಿಯೇ ಬಿಡಬಾರದೇ? ಬಿಟ್ಟವರ ಪಾಡು ಇತಿಹಾಸದಲ್ಲಿದೆ. 2014ರಲ್ಲಿ ಟೋಕಿಯೋದ ಮೌಂಟ್ ಗಾಕ್ಸ್ ಮುಳುಗಿದಾಗ ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆಯಾದವೆಂದು ಸಾರಲಾಯಿತು. 2024ರ ಜುಲೈ 18ರಂದು ಭಾರತದ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯಗಳು ಕಳುವಾದವು. ಗ್ರಾಹಕರು ತಮ್ಮ ನಾಣ್ಯಗಳಿಗಾಗಿ ಒಂದು ವರ್ಷಕ್ಕೂ ಮಿಕ್ಕಿ ಕಾಯಬೇಕಾಯಿತು. ಪರರ ತಿಜೋರಿಯಲ್ಲಿಟ್ಟರೆ ಆ ಭಯ, ಸ್ವಂತಕ್ಕೆ ಇಟ್ಟುಕೊಂಡರೆ ಸ್ವಂತ ಅಲಕ್ಷ್ಯದ ಭಯ. ಎರಡನೆಯದನ್ನು ಎಚ್ಚರಿಕೆಯಿಂದ ಗೆಲ್ಲಬಹುದು.

ಎಚ್ಚರಿಕೆ ಕೊಳ್ಳುವಾಗಲೇ ಶುರುವಾಗಬೇಕು. ತಯಾರಕರಿಂದ, ಇಲ್ಲವೇ ಅವರು ಒಪ್ಪಿದ ಮಾರಾಟಗಾರರಿಂದ ಮಾತ್ರ ಕೊಳ್ಳಬೇಕು. ಬಳಸಿದ್ದು ಅಗ್ಗಕ್ಕೆ ಸಿಕ್ಕರೂ ಬೇಡ. ನಿಪ್ಪಾಣಿಯ ತಂಬಾಕಿನ ವಖಾರದ ಬಾಗಿಲಲ್ಲಿ ಮುದ್ರೆ ಒಡೆದಿದ್ದರೆ ಮಾಲೀಕ ಗಾಬರಿಯಾಗುತ್ತಾನೆ, ಸರಿ. ಆದರೆ ಮುದ್ರೆ ನೆಟ್ಟಗಿದ್ದ ಮಾತ್ರಕ್ಕೆ ಒಳಗಿನ ಮಾಲು ನೆಟ್ಟಗಿದೆ ಎಂದಲ್ಲ. 2020ರಲ್ಲಿ ಲೆಡ್ಜರ್ ಎಂಬ ಫ್ರೆಂಚ್ ಕಂಪನಿಯ ಸುಮಾರು 2 ಲಕ್ಷ 72 ಸಾವಿರ ಗ್ರಾಹಕರ ಹೆಸರು, ವಿಳಾಸಗಳು ಸೋರಿಹೋದವು. ಮರುವರ್ಷ ಅವರಲ್ಲಿ ಕೆಲವರ ಮನೆಗೆ ಅಂಚೆಯಲ್ಲಿ ನಕಲಿ ಉಪಕರಣಗಳೇ ಬಂದವು, ನಾಜೂಕಾದ ಹೊದಿಕೆಯೊಡನೆ. ಆದ್ದರಿಂದ ತಯಾರಕರ ಸ್ವಂತ ತಾಣದ ವಿಳಾಸವನ್ನು ಕೈಯಾರೆ ಬರೆದು, ಅಲ್ಲಿಂದಲೇ ತಂತ್ರಾಂಶ ಇಳಿಸಿಕೊಂಡು, ಉಪಕರಣ ಅಸಲಿಯೇ ಎಂಬ ತಪಾಸಣೆಯನ್ನು ಮುಗಿಸಬೇಕು. ಪಿನ್ ಸಂಖ್ಯೆಯನ್ನು ಖರೀದಿಸಿದವನೇ ಆರಿಸಬೇಕು, ಜನ್ಮದಿನಾಂಕ ಬೇಡ.

ಇನ್ನು ಮುಖ್ಯ ಘಟ್ಟ. ಉಪಕರಣ ತನ್ನ ಪುಟ್ಟ ಪರದೆಯ ಮೇಲೆ 12 ಅಥವಾ 24 ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ತೋರಿಸುತ್ತದೆ. ಗುಪ್ತ ಸಂಖ್ಯೆಗೆ ತೊಡಿಸಿದ ಅಂಗಿಯೇ ಈ ಪದಗಳು. ಗಣಿತ ಸರಳ: ಒಟ್ಟು ಪದಪಟ್ಟಿಯಲ್ಲಿ 2048 ಪದಗಳು, ಅಂದರೆ ಎರಡರ 11ನೇ ಘಾತ. ಒಂದು ಪದಕ್ಕೆ 11 ಬಿಟ್‌ನಂತೆ 12 ಪದಗಳಿಗೆ 132 ಬಿಟ್. ಅವುಗಳಲ್ಲಿ 4 ಬಿಟ್ ತಪ್ಪು ಹಿಡಿಯಲು ಮೀಸಲು, ಉಳಿದ 128 ಬಿಟ್ ಗುಟ್ಟು. ಎರಡರ 128ನೇ ಘಾತ ಎಂದರೆ 39 ಅಂಕಿಗಳ ಸಂಖ್ಯೆ. ಊಹಿಸಿ ಹಿಡಿಯುವ ಮಾತೇ ಇಲ್ಲ. ಹಾಗಾಗಿ ಕಳ್ಳರು ಊಹಿಸುವುದಿಲ್ಲ, ಕೇಳುತ್ತಾರೆ. “ನಿಮ್ಮ ವ್ಯಾಲೆಟ್ ಕೆಟ್ಟಿದೆ, ಪದಗಳನ್ನು ಹೇಳಿ” ಎಂದು ಫೋನು ಬಂದರೆ ಅದು ಕಳ್ಳನದೇ. ಡಬ್ಬಿಯಲ್ಲಿ ಪದಗಳನ್ನು ಮೊದಲೇ ಬರೆದಿಟ್ಟ ಚೀಟಿ ಇದ್ದರೆ ಅದೂ ಕಳ್ಳನದೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯಲ್ಲಿ ಮಾತು ಬೇರೆ, ಮುತ್ತು ಬೇರೆ. ಇಲ್ಲಿ ಮಾತೇ ಮುತ್ತು.

ಈ ಪದಗಳನ್ನು ಪೆನ್ನಿನಿಂದ ಕಾಗದದ ಮೇಲೆ, ಕ್ರಮಸಂಖ್ಯೆ ಹಾಕಿ ಬರೆಯಬೇಕು. ಮೊಬೈಲಿನಲ್ಲಿ ಫೋಟೋ ಬೇಡ, ವಾಟ್ಸಾಪ್ ಬೇಡ, ಝೆರಾಕ್ಸ್ ಅಂಗಡಿಯಂತೂ ಬೇಡವೇ ಬೇಡ. ಜಪಾನಿ, ಸ್ಪ್ಯಾನಿಷ್, ಝೆಕ್ ಭಾಷೆಗಳಲ್ಲಿಯೂ ಇಂಥ ಪಟ್ಟಿಗಳಿವೆ. ಕನ್ನಡದ್ದು ಆ ಪ್ರಮಾಣಿತ ಪಟ್ಟಿಗಳಲ್ಲಿಲ್ಲ. ಕನ್ನಡ ಮಾಧ್ಯಮದಲ್ಲಿ ಕಲಿತ ಹುಡುಗ ಅವುಗಳನ್ನು ಅನುವಾದಿಸಲು ಹೋಗಬಾರದು, ಕನ್ನಡ ಲಿಪಿಯಲ್ಲಿಯೂ ಬರೆಯಬಾರದು. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಬರೆಯಲಿ. ಪಟ್ಟಿಯ ಯಾವ ಎರಡು ಪದಗಳಿಗೂ ಮೊದಲ ನಾಲ್ಕು ಅಕ್ಷರಗಳು ಒಂದೇ ಆಗಿರುವುದಿಲ್ಲ ಎಂಬುದು ಅವನಿಗೆ ಆಸರೆ.

ಕಾಗದ ಸಾಕೇ? ಕೃಷ್ಣೆಯ ದಂಡೆಯಲ್ಲಿ ಇದು ಪುಸ್ತಕದ ಪ್ರಶ್ನೆಯಲ್ಲ. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿದಾಗ ಈ ತಾಲೂಕುಗಳ ನದಿದಂಡೆಯ ಎಷ್ಟೋ ಮನೆಗಳು ನೀರಿನಲ್ಲಿ ನಿಂತವು. ಅಂಥ ನೀರು ಮನೆ ಹೊಕ್ಕರೆ ಟ್ರಂಕಿನಲ್ಲಿರುವ ಅಂಕಪಟ್ಟಿಯನ್ನಾಗಲಿ ಪದಗಳ ಚೀಟಿಯನ್ನಾಗಲಿ ಬಿಡುವುದಿಲ್ಲ. ಅದಕ್ಕೇ ತಿಳಿದವರು ಪದಗಳನ್ನು ಸ್ಟೀಲಿನ ತಗಡಿನ ಮೇಲೆ ಕೊರೆದಿಡುತ್ತಾರೆ. ಮದುವೆಯ ಆಹೇರಿ ಭಾಂಡೆಗೆ ಹೆಸರು ಹಾಕುವ ಕಲೆ ಪ್ರತಿ ಪೇಟೆಯಲ್ಲಿದೆ. ಆದರೆ ಭಾಂಡೆ ಅಂಗಡಿಯವನಿಗೆ ಪದಗಳನ್ನು ಓದಿ ಹೇಳಿದರೆ ಗುಟ್ಟು ಅಲ್ಲಿಗೇ ಮುಗಿಯಿತು. ಕೊರೆಯುವ ಉಪಕರಣ ತಂದು ಮನೆಯಲ್ಲಿಯೇ, ಸ್ವಂತ ಕೈಯಿಂದ ಕೊರೆಯಬೇಕು. ಒಂದು ತಗಡು ಎತ್ತರದ ನೆಲೆಯಲ್ಲಿರುವ ಮನೆಯಲ್ಲಿ, ಇನ್ನೊಂದು ಬ್ಯಾಂಕ್ ಲಾಕರಿನಲ್ಲಿ ಇದ್ದರೆ ಒಳಿತು. ಅರ್ಧ ಪದಗಳು ಅಲ್ಲಿ, ಅರ್ಧ ಇಲ್ಲಿ ಎಂಬ ಜಾಣತನ ಬೇಡ. ಒಂದು ಅರ್ಧ ಹೋದರೆ ಎಲ್ಲವೂ ಹೋದಂತೆ.

ಈಗ ದೀಪ ಇಳಿಬಿಡುವ ಹೊತ್ತು. ಇದ್ದ ಹಣವನ್ನೆಲ್ಲ ಒಮ್ಮೆಲೆ ಹೊಸ ವ್ಯಾಲೆಟ್ಟಿಗೆ ಸುರಿಯದೆ, ಮೊದಲು ಅತಿ ಚಿಕ್ಕ ಮೊತ್ತ ಕಳಿಸಬೇಕು. ಬಂದು ಸೇರಿದ ಮೇಲೆ ಉಪಕರಣವನ್ನು ಬೇಕೆಂದೇ ಅಳಿಸಿ, ಬರೆದಿಟ್ಟ ಪದಗಳನ್ನು ಉಪಕರಣದಲ್ಲಿಯೇ ಮತ್ತೆ ತುಂಬಿ ನೋಡಬೇಕು. ಅದೇ ಮೊತ್ತ ಮರಳಿ ಕಂಡರೆ ಬರವಣಿಗೆ ಸರಿಯಾಗಿದೆ ಎಂದರ್ಥ. ಈ ಅರ್ಧ ಗಂಟೆಯ ಪರೀಕ್ಷೆ ಮಾಡದೆ ಬಿಟ್ಟವನಿಗೆ, ಹತ್ತು ವರ್ಷದ ಬಳಿಕ ಏಳನೆಯ ಪದದಲ್ಲಿ ಅಕ್ಷರವೊಂದು ಬಿಟ್ಟುಹೋಗಿದ್ದು ತಿಳಿದರೆ ಕಷ್ಟ.

ಕಳಿಸುವಾಗಲೂ ವಿಳಾಸವನ್ನು ಕಂಪ್ಯೂಟರಿನ ಪರದೆಯಲ್ಲಲ್ಲ, ಉಪಕರಣದ ಪುಟ್ಟ ಪರದೆಯಲ್ಲಿ ಓದಿ ಗುಂಡಿ ಒತ್ತಬೇಕು. ವಜೀರ್‌ಎಕ್ಸ್‌ನ ಹೇಳಿಕೆಯಂತೆ ಅಲ್ಲಿ ಸಹಿ ಹಾಕಿದವರ ಕೈಯಲ್ಲಿಯೂ ಹಾರ್ಡ್‌ವೇರ್ ವ್ಯಾಲೆಟ್‌ಗಳೇ ಇದ್ದವು. ಕಂಪ್ಯೂಟರಿನಲ್ಲಿ ಕಂಡ ವ್ಯವಹಾರ ಒಂದು, ನಿಜವಾಗಿ ಸಹಿ ಬಿದ್ದದ್ದು ಇನ್ನೊಂದು. ಒಳ್ಳೆಯ ಕೀಲಿ ಇದ್ದರೂ ಹಾಕುವವನ ಕಣ್ಣು ತೆರೆದಿರಬೇಕು.

ವಿದ್ಯಾರ್ಥಿಗಳು ಕೊಳ್ಳಲಿ ಎಂದು ಇದನ್ನೆಲ್ಲ ಹೇಳುತ್ತಿಲ್ಲ. ಈ ನಾಣ್ಯಗಳ ಬೆಲೆ ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಇಳಿದದ್ದುಂಟು. 2018ರ ರಿಸರ್ವ್ ಬ್ಯಾಂಕ್ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದುಪಡಿಸಿತಾದರೂ ಇವು ದೇಶದ ಅಧಿಕೃತ ಹಣವಾಗಲಿಲ್ಲ. ಲಾಭಕ್ಕೆ ಶೇ. 30ರ ತೆರಿಗೆ 2022ರ ಏಪ್ರಿಲ್‌ನಿಂದ ಬಂದಿದೆ; ನಷ್ಟವನ್ನು ಬೇರೆ ಆದಾಯದಲ್ಲಿ ಕಳೆಯುವಂತಿಲ್ಲ. ಕಬ್ಬಿನ ಬಿಲ್ಲಿನ ಹಣವಾಗಲಿ, ಕಾಲೇಜು ಫೀಯಾಗಲಿ ಇಲ್ಲಿಗೆ ಹೋಗತಕ್ಕದ್ದಲ್ಲ.

ಆದರೆ ಮನೆಯ ಮಗ ಈಗಾಗಲೇ ಕೊಂಡಿದ್ದರೆ ತಂದೆ ತಾಯಿ ಬೈದು ಸುಮ್ಮನಾಗುವುದಕ್ಕಿಂತ ಒಂದು ಪ್ರಶ್ನೆ ಕೇಳುವುದು ಮೇಲು: “ನೀ ಇಲ್ಲದಾಗ ಇದನ್ನ ಯಾರು ತೆಗೀಬೇಕೋ ಯಪ್ಪಾ?” ಬ್ಯಾಂಕ್ ಖಾತೆಗೆ ನಾಮಿನಿ ಇರುತ್ತಾರೆ, ಎಲ್‌ಐಸಿ ಪಾಲಿಸಿಗೂ ಇರುತ್ತಾರೆ. ಈ ಪದಗಳಿಗೆ ಯಾರೂ ಇಲ್ಲ. ರಾತ್ರಿ ಪಾಳಿ ಮುಗಿಸಿ ಹೆದ್ದಾರಿಯಲ್ಲಿ ಬೈಕ್ ಓಡಿಸುವ ಹುಡುಗನ ತಲೆಯೊಳಗೆ ಮಾತ್ರ ಈ ಗುಟ್ಟು ಇದ್ದರೆ, ಅವನ ದುಡಿಮೆ ಅವನೊಂದಿಗೇ ಹೋಗುತ್ತದೆ. ಇಂಥ ಉಪಕರಣ ಇದೆ, ತಗಡು ಇಂಥಲ್ಲಿದೆ, ತೆಗೆಯುವಾಗ ಯಾರಿಗೂ ಪದ ಹೇಳಬಾರದು, ಇಂಥವರನ್ನು ಕೂಡಿಸಿಕೊಂಡೇ ತೆಗೆಯಬೇಕು ಎಂದು ಒಂದು ಹಾಳೆ ಬರೆದು ಉತಾರ, ಪಾಲಿಸಿಗಳ ಜೊತೆಗೆ ಇಡಲಿ. ಆ ಹಾಳೆಯಲ್ಲಿ ಪದಗಳು ಇರಬಾರದು. ಹಬ್ಬ ಮುಗಿಸಿ ಪುಣೆಯ ಬಸ್ಸು ಹತ್ತುವ ಮುನ್ನ ಅಪ್ಪ ಅವ್ವನನ್ನು ಕೂಡಿಸಿಕೊಂಡು ಅದನ್ನು ಒಮ್ಮೆ ಓದಿ ಹೇಳಿದರೆ, ಆ ದಿನಕ್ಕೆ ಕೆಲಸ ಪೂರ್ತಿಯಾಯಿತು.